ಎಡ ರೆಕ್ಕೆಯ ಐದು ಗರಿ

ಬಲೆಯ ಹರಿದ ಕಣ್ಣಿಗೆ ದಾರ ಹಾಕುತ್ತಿದ್ದ ಗುರಣ್ಣನ ಕೈ ಯಾವಾಗ ನಿಂತಿತೋ ಅವನಿಗೇ ಗೊತ್ತಿಲ್ಲ. ನದಿಯ ನಡುವೆ ಕ್ವಾಣನ ಬಂಡೆಯ ಮೇಲೆ ಬೆಳಿಗ್ಗೆ ಏಳೆಂಟು ಬೆಳ್ಳಕ್ಕಿಗಳು ಕೂತಿದ್ದವು. ಈಗ ಒಂದೇ ಇತ್ತು, ಮನೆಯಲ್ಲಿ ಸಾಕಿದ್ದು. ಉಳಿದವು ಒಂದರ ಹಿಂದೊಂದು ಎದ್ದು ಆಚೆ ದಂಡೆಯ ಜಾಲಿಗಿಡಗಳ ಕಡೆಗೆ ಹೋದದ್ದನ್ನು ಅವನು ನೋಡಿದ್ದ. ನೋಡಿಯೂ ನೋಡದವನ ಹಾಗೆ ತಲೆ ತಗ್ಗಿಸಿ ಎರಡು ಗಂಟು ಹಾಕಿದ್ದ. ಎರಡೂ ಸಡಿಲ ಬಿದ್ದಿದ್ದವು. ನಸುಕಿನಲ್ಲಿ ಮೈಕು ಕಟ್ಟಿದ ಆಟೋ ಬಂದು ನಾರಾಯಣಪುರದ ಡ್ಯಾಮಿನಿಂದ ನೀರು ಬಿಡುತ್ತಾರೆ, ದಂಡೆಯವರು ಹರಗೋಲು, ಬಲೆ ಮೇಲಕ್ಕೆ ಎಳೆದುಕೊಳ್ಳಬೇಕು ಎಂದು ಕೂಗಿ ಹೋಗಿತ್ತು. ತಿಂಥಣಿಯ ದಂಡೆಯವರಿಗೆ ಇದು ವರ್ಷವರ್ಷವೂ ಕೇಳುವ ಮಾತು, ಯಾರೂ ಗಾಬರಿಯಾಗಲಿಲ್ಲ. ಮಧ್ಯಾಹ್ನದ ಮಟ ನೀರು ಬರಲಾರದು ಎಂದು ಗುರಣ್ಣನೂ ಅಂದುಕೊಂಡಿದ್ದ. ಅಷ್ಟರಲ್ಲಿ ಹಕ್ಕಿ ತಾನಾಗಿ ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತ, ದಿನಾ ಬರುವ ಹಾಗೆ, ದಂಡೆಗೆ ಬಂದುಬಿಡುತ್ತದೆ ಎಂದುಕೊಂಡಿದ್ದ. ಆದರೆ ನೀರು ಇವನ ಲೆಕ್ಕ ಕೇಳಿ ಬರಲಿಲ್ಲ. ಬಂಡೆಗೂ ದಂಡೆಗೂ ನಡುವೆ ಬೇಸಿಗೆಯಿಂದ ತಲೆ ಎತ್ತಿಕೊಂಡಿದ್ದ ಕಲ್ಲುಗಳ ಸಾಲಿನಲ್ಲಿ ಮೊದಲು ಚಿಕ್ಕವು ಮುಳುಗಿದವು, ಆಮೇಲೆ ದೊಡ್ಡವು ಮುಳುಗಿದವು. ಈಗ ಅಲ್ಲಿ ಕೆಮ್ಮಣ್ಣಿನ ನೀರು ಸುಳಿ ಸುಳಿಯಾಗಿ ಹರಿಯುತ್ತಿತ್ತು. ನಡುವೆ ಎಮ್ಮೆಯ ಬೆನ್ನಿನಂಥ ಕಪ್ಪು ಬಂಡೆ, ಅದರ ಮೇಲೆ ಸುಣ್ಣದ ಬೊಟ್ಟಿನಂಥ ಹಕ್ಕಿ.

ಆಗಲೇ ಎದ್ದು ಹೋಗಿ ತರಬಹುದಾಗಿತ್ತು. ಮೊಣಕಾಲುದ್ದ ನೀರಿದ್ದಾಗ ಇಳಿದು ನಡೆದರೆ ಹತ್ತು ನಿಮಿಷದ ಕೆಲಸ. ಹಾಗೆ ಅಂದುಕೊಂಡು ಒಂದು ಸಲ ಧೋತರವನ್ನು ಮೇಲೆ ಸಿಕ್ಕಿಸಿಯೂ ಇದ್ದ. ಆದರೆ ಮೊಮ್ಮಗಳು ಮೌನಿಕಾ ಎದ್ದಿರುತ್ತಾಳೆ, ಇವತ್ತು ಸಾಲಿ ಇಲ್ಲ, ಹಲ್ಲುಜ್ಜಿಕೊಂಡು ಸೀದಾ ದಂಡೆಗೇ ಬರುತ್ತಾಳೆ, ಬಂದು ಕೇಳುತ್ತಾಳೆ: ಹಾರುವ ಹಕ್ಕಿಯನ್ನು ಯಾಕೆ ಹೊತ್ತು ತರುತ್ತೀ ಮುತ್ಯಾ? ಅದಕ್ಕೇ ಧೋತರವನ್ನು ಮತ್ತೆ ಕೆಳಗೆ ಬಿಟ್ಟು ಕೂತಿದ್ದ. ಕೂತು, ನೀರು ಇನ್ನೂ ನಿಧಾನಕ್ಕಿದೆ ಎಂದು ತನಗೆ ತಾನೇ ಹೇಳಿಕೊಂಡಿದ್ದ. ಅರವತ್ತೆಂಟು ವರ್ಷದ ಮನುಷ್ಯ ಒಂಬತ್ತು ವರ್ಷದ ಕೂಸಿನ ಪ್ರಶ್ನೆಗೆ ಹೆದರಿ ನದಿಗೆ ಬೆನ್ನು ಮಾಡಿದ್ದ.

ಕತ್ತರಿಸಿದ್ದು ಐದೇ ಗರಿ. ಎಡ ರೆಕ್ಕೆಯಲ್ಲಿ ಹೊರಗಿನ ಎರಡು ಗರಿ ಬಿಟ್ಟು ಒಳಗಿನ ಐದು. ಹಾಗೆ ಬಿಟ್ಟರೆ ರೆಕ್ಕೆ ಮಡಿಸಿ ಕೂತಾಗ ಯಾರಿಗೂ ಏನೂ ಕಾಣುವುದಿಲ್ಲ. ಇದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ಕೈಯಲ್ಲಿ ಕತ್ತರಿ ಹಿಡಿದ ಗಳಿಗೆಯಲ್ಲಿ ತಾನಾಗಿ ಹೊಳೆದಿತ್ತು. ಮೋಸ ಮಾಡುವುದಕ್ಕೆ ಇಷ್ಟು ನಯವಾದ ಬುದ್ಧಿ ತನ್ನೊಳಗೆ ಎಲ್ಲಿತ್ತೋ ಎಂದು ಆಮೇಲೆ ಎಷ್ಟೋ ದಿನ ಅವನಿಗೇ ಸೋಜಿಗವಾಗಿತ್ತು. ಹಕ್ಕಿಯನ್ನು ಹಿಂದಿನಿಂದ ಹೋಗಿ ಹೆಗಲ ಮೇಲಿನ ಟವೆಲ್ಲು ಹಾಕಿ ಮುಚ್ಚಿದ್ದ. ನೋವಾಗುವುದಿಲ್ಲ, ಉಗುರು ತೆಗೆದ ಹಾಗೆ. ಅದು ಒದರಲೂ ಇಲ್ಲ. ಟವೆಲ್ಲಿನ ಒಳಗೆ ಅದರ ಎದೆ ಮಾತ್ರ ಅವನ ಅಂಗೈಗೆ ಟಕಟಕ ಬಡಿಯುತ್ತಿತ್ತು. ಬಿದ್ದ ಐದು ಗರಿಗಳನ್ನು ಒಲೆಗೆ ಹಾಕಿದಾಗ ಸೊಸೆ ಮಲ್ಲೇಶ್ವರಿ ಒಳಗಿನಿಂದ ಏನೋ ಸುಟ್ಟ ವಾಸನೆ ಅಂದಿದ್ದಳು, ಇವನು ಬಲೆಯ ತುಂಡು ಎಂದಿದ್ದ.

ಹೋದ ಶ್ರಾವಣದಲ್ಲಿ ಊರ ಹುಣಸೆಮರದ ಗೂಡಿನಿಂದ ಬಿದ್ದ ಮರಿ ಅದು. ಮೈಮೇಲೆ ಪುಕ್ಕವಿಲ್ಲದೆ, ಕಣ್ಣಷ್ಟೇ ದೊಡ್ಡದಾಗಿ ಕಾಣುತ್ತಿತ್ತು. ಮೌನಿಕಾ ಲಂಗದಲ್ಲಿ ಕಟ್ಟಿಕೊಂಡು ತಂದಿದ್ದಳು. ಬದುಕುವುದಿಲ್ಲ ಎಂದು ಎಲ್ಲರೂ ಹೇಳಿದ್ದರು. ಗುರಣ್ಣ ತಂದ ಸಣ್ಣ ಮೀನನ್ನು ಅವಳು ಕಲ್ಲಿನಿಂದ ಜಜ್ಜಿ, ಬೆರಳ ತುದಿಯಲ್ಲಿ ಹಿಡಿದು, ಅದರ ಗಂಟಲಿಗೇ ಇಳಿಸಿದ್ದಳು. ಬಿಳಿ ಗರಿ ಬಂದ ದಿನ ಅದಕ್ಕೆ ಸುಣ್ಣವ್ವ ಎಂದು ಹೆಸರಿಟ್ಟಳು. ತನ್ನ ಉಗುರಿನಲ್ಲಿ ಬಿಳಿ ಚುಕ್ಕೆ ಎದ್ದಾಗ ಓಣಿಯ ತುಂಬ ತೋರಿಸಿಕೊಂಡು ಬಂದಳು, ಊರ ಹುಡುಗರೆಲ್ಲ ಹಾರುವ ಬೆಳ್ಳಕ್ಕಿಗೆ ಉಗುರು ತೋರಿಸಿ ಬೇಡಿಕೊಂಡರೂ ಸಿಗದ ಚುಕ್ಕೆ ತನಗೆ ಮನೆಯಲ್ಲೇ ಸಿಕ್ಕಿದೆ ಎಂದು. ದೀಪಾವಳಿಯ ಹೊತ್ತಿಗೆ ಸುಣ್ಣವ್ವ ಹಾರಿತು. ಹಾರಿ ಹುಣಸೆಮರದ ತುದಿಗೆ, ತನ್ನ ಕುಲದವರ ನಡುವೆ ಹೋಗಿ ಕೂತಿತು. ಅಲ್ಲಿ ಇಪ್ಪತ್ತು ಬಿಳಿ ಹಕ್ಕಿಗಳಲ್ಲಿ ಇದು ಯಾವುದೆಂದು ಗುರಣ್ಣನಿಗೆ ತಿಳಿಯಲಿಲ್ಲ. ಮೌನಿಕಾಗೆ ತಿಳಿದಿತ್ತು. ಅವಳು ಮರದ ಬುಡದಲ್ಲಿ ಮೀನಿನ ತಟ್ಟೆ ಇಟ್ಟುಕೊಂಡು ಕೂತಳು. ಕರೆಯಲಿಲ್ಲ. ಕರೆದರೆ ಅದು ತನಗೆ ಹೆದರಿ ಬಂದ ಹಾಗಾಗುತ್ತದೆ ಎಂದಳಂತೆ ತಾಯಿಗೆ. ಬೆಳಗಿನಿಂದ ದೀಪ ಹಚ್ಚುವ ಹೊತ್ತಿನ ತನಕ ಒಂದು ತುತ್ತು ತಿನ್ನದೆ, ಕತ್ತು ಮೇಲಕ್ಕೆ ಮಾಡಿ, ಹಾಗೇ ಕೂತಿದ್ದಳು. ಗುರಣ್ಣ ಮನೆಗೂ ಮರಕ್ಕೂ ಎಷ್ಟು ಸಲ ತಿರುಗಿದನೋ. ಬಾ ಅಂದರೆ ಬರಲಿಲ್ಲ, ಎತ್ತಿಕೊಂಡರೆ ಒದ್ದಳು.

ಆದರೆ ಹೊತ್ತು ಮುಳುಗುವ ಹೊತ್ತಿಗೆ ಹಕ್ಕಿ ಇಳಿದು ಬಂದಿತ್ತು. ತಾನಾಗಿಯೇ. ತಟ್ಟೆಯ ಹತ್ತಿರ ಅಲ್ಲ, ಸೀದಾ ಅವಳ ತೊಡೆಯ ಹತ್ತಿರ. ಗುರಣ್ಣ ಕಣ್ಣಾರೆ ನೋಡಿದ್ದ. ಈಗ ಬಲೆ ಮುಂದಿಟ್ಟುಕೊಂಡು ಕೂತವನಿಗೆ ನೆನಪಿನಲ್ಲಿ ಎಲ್ಲಕ್ಕಿಂತ ಹೆಚ್ಚು ಚುಚ್ಚುವುದು ಅದೇ. ಬರದೆ ಹೋಗಿದ್ದರೆ ಕತ್ತರಿಸಿದ್ದಕ್ಕೆ ಒಂದು ನೆಪವಾದರೂ ಇರುತ್ತಿತ್ತು. ಬಂದಿತ್ತು. ಬಂದದ್ದನ್ನು ನೋಡಿಯೂ ಮರುದಿನ ಅವಳು ಸಾಲಿಗೆ ಹೋದ ಮೇಲೆ ಅವನು ಕತ್ತರಿ ಹಿಡಿದಿದ್ದ. ಕೂಸಿಗಾಗಿ ಎಂದು ಆಗ ಹೇಳಿಕೊಂಡಿದ್ದ. ಕೂಸಿಗೇನಾಗಿತ್ತು, ಅವಳು ಕಾಯಬಲ್ಲವಳಾಗಿದ್ದಳು. ಇನ್ನೊಂದು ದಿನ ಹಾಗೆ ಮರದ ಕಡೆ ನೋಡುತ್ತ ತಿರುಗುವ ಶಕ್ತಿ ಇಲ್ಲದವನು ಇವನು. ಇನ್ನು ಮುಂದೆ ಹಕ್ಕಿ ಎಷ್ಟು ದಿನ ಇದ್ದರೂ ಅದು ಅವಳಿಗಾಗಿ ಇದ್ದದ್ದೋ, ಐದು ಗರಿ ಇಲ್ಲದ್ದಕ್ಕೆ ಇದ್ದದ್ದೋ, ಭೂಮಿಯ ಮೇಲೆ ಯಾರಿಗೂ ಗೊತ್ತಾಗದ ಹಾಗೆ ಮಾಡಿಟ್ಟಿದ್ದ.

ಮೌನಿಕಾ ಬಂದಳು. ಅವಳ ಹಿಂದೆ ಒಣಮೀನು ಮಾರುವ ಹಜರಾಬೀ, ಒಣಹಾಕಿದ್ದ ಮೀನಿನ ಚಾಪೆ ಎತ್ತಿಕೊಳ್ಳಲು. ಓಣಿಯಲ್ಲಿ ಇವರ ಮನೆಯ ಎದುರಿಗೇ ಅವಳ ಮನೆ. ಮೌನಿಕಾ ಅವಳನ್ನು ಆಯಿ ಎನ್ನುತ್ತಾಳೆ, ಅರ್ಧ ದಿನ ಅಲ್ಲೇ ಇರುತ್ತಾಳೆ. ಹುಡುಗಿ ಹಣೆಗೆ ಕೈ ಅಡ್ಡ ಹಿಡಿದು ಬಂಡೆಯ ಕಡೆ ನೋಡಿ ನಕ್ಕಳು. ನೋಡು ಆಯಿ, ಎಲ್ಲಾ ಹೋದವು, ನಮ್ಮದು ಹ್ಯಾಂಗ ಕುಂತದ ಎಂದಳು. ಹಜರಾಬೀ ಚಾಪೆ ಸುತ್ತುತ್ತ, ಸುಣ್ಣವ್ವಗ ಸೊಕ್ಕು ಬಂದದ, ಮೌನಪ್ಪನ ಗುಡಿ ಪೂಜಾರಿ ಬಂದು ತನ್ನ ಪಾದ ತೊಳೀಲಿ ಅಂತ ಕಾಯಾಕತ್ತಾದ ಎಂದು ಹೇಳಿದಳು. ಇಬ್ಬರೂ ನಕ್ಕರು. ಗುರಣ್ಣನೂ ನಗಲು ನೋಡಿದ, ತುಟಿ ಒಣಗಿ ಹಲ್ಲಿಗೆ ಅಂಟಿತ್ತು. ನೀರು ಕಾಲಿಗೆ ತಾಗಿದರೆ ಹಾರಿ ಬರ್ತದ ಮುತ್ಯಾ, ಅದಕ್ಕ ಆಟ ಬೇಕಾಗ್ಯಾದ ಎಂದು ಮೌನಿಕಾ ಅವನ ಪಕ್ಕದಲ್ಲೇ, ಬಲೆಯ ಅಂಚನ್ನು ತೊಡೆಯ ಮೇಲೆ ಎಳೆದುಕೊಂಡು ಕೂತಳು. ಅವಳ ತಲೆಯ ಕೊಬ್ಬರಿ ಎಣ್ಣೆಯ ವಾಸನೆ ಬಂತು. ಈಗ ಹೇಳಬೇಕು ಎಂದುಕೊಂಡ. ಬಾಯಿ ತೆರೆದ. ಸಡಿಲ ಗಂಟು ನೋಡಿ ಅವಳೇ, ಇದೇನು ಮುತ್ಯಾ, ನಿನ್ನ ಗಂಟು ಹಿಂಗ ಎಂದಳು. ಅವನು ಕಣ್ಣು ಮಂಜು ಎಂದ.

ಸುಳ್ಳಿಗೆ ಸುಳ್ಳು ಎಷ್ಟು ಬೇಗ ಕೂಡಿಕೊಳ್ಳುತ್ತದೆ. ಸಾಲಿಯಲ್ಲಿ ಟೀಚರು ಒಂದು ಸಲ, ಮಕ್ಕಳು ತಮ್ಮ ತಮ್ಮ ಗೆಳೆಯರ ಬಗ್ಗೆ ಮಾತಾಡಬೇಕೆಂದಾಗ ಮೌನಿಕಾ ಸುಣ್ಣವ್ವನನ್ನೇ ಎತ್ತಿಕೊಂಡು ಹೋಗಿದ್ದಳು. ಬುಟ್ಟಿ ಹಿಡಿದು ಜೊತೆಗೆ ಹೋದ ಗುರಣ್ಣ ಹೊರಗೆ ಕಟ್ಟೆಯ ಮೇಲೆ ಕೂತು ಕಿಟಕಿಯಿಂದ ಕೇಳಿದ್ದ. ಇದನ್ನ ನಾ ಕಟ್ಟಿಲ್ಲ, ಬಾಗಲಾ ಹಾಕಿಲ್ಲ, ಮನಸ್ಸು ಬಂದ್ರ ಹೋಗಬಹುದು, ಆದ್ರ ಇದಕ್ಕ ಹೋಗೂ ಮನಸ್ಸಿಲ್ಲ ಎಂದು ಅವಳು ಒಂದೊಂದು ಮಾತನ್ನೂ ಬಿಡಿಸಿ ಬಿಡಿಸಿ ಹೇಳಿದ್ದಳು. ಮಕ್ಕಳು ಚಪ್ಪಾಳೆ ತಟ್ಟಿದ್ದರು. ಟೀಚರು ಹೊರಗೆ ಬಂದು, ಅಜ್ಜಾರೆ, ಏನು ಮಾಡಿ ಪಳಗಿಸಿದಿರಿ ಎಂದಾಗ ಇವನು ಎದ್ದು ನಿಂತು, ಏನೂ ಮಾಡಿಲ್ರೀ, ಹುಡುಗಿ ಜೀವ ಹಚ್ಚ್ಯಾಳ, ಅಷ್ಟ ಎಂದಿದ್ದ. ಹೇಳುವಾಗ ಎದೆ ಉಬ್ಬಿತ್ತು ಕೂಡ. ಅದನ್ನು ನೆನೆಸಿದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಮೊದಲನೇ ಸಲ ಕತ್ತರಿಸಿದ್ದು ಸಂಕಟಕ್ಕಾದರೆ ಎರಡನೇ ಸಲ, ಶಿವರಾತ್ರಿಯ ಹೊತ್ತಿಗೆ ಹೊಸ ಗರಿ ಮೂಡಿದಾಗ ಕತ್ತರಿಸಿದ್ದು ಆ ಚಪ್ಪಾಳೆಗಾಗಿ. ಮೂರನೆಯದು ಕಾರಹುಣ್ಣಿವೆಯಲ್ಲಿ, ಯಾತಕ್ಕೂ ಅಲ್ಲ. ರೂಢಿಗೆ.

ಅವನಿಗೆ ಅಪ್ಪನ ನೆನಪಾಯಿತು. ಇದೇ ದಂಡೆ, ಇಲ್ಲೇ ಸ್ವಲ್ಪ ಮೇಲೆ. ಗುರಣ್ಣನಿಗೆ ಏಳು ವರ್ಷ. ಅಪ್ಪ ಈಜು ಕಲಿಸುತ್ತಿದ್ದ. ಒಂದು ದಿನ ಗುರಣ್ಣ ಹರಗೋಲಿನ ಪಕ್ಕದಲ್ಲಿ ಆ ಕಲ್ಲಿನಿಂದ ಈ ಕಲ್ಲಿನ ತನಕ ಈಜಿಬಿಟ್ಟ. ಮನೆಗೆ ಹೋಗಿ ಅವ್ವನಿಗೆ ಹೇಳಿದ, ಕಂಡಕಂಡವರಿಗೆ ಹೇಳಿದ. ಮೂರು ದಿನ ಎದೆ ಮುಂದೆ ಮಾಡಿ ನಡೆದ. ಆಮೇಲೆ ಅಣ್ಣ ನಕ್ಕು ಹೇಳಿದ, ಅಪ್ಪ ಹರಗೋಲಿನಲ್ಲಿ ಕೂತು ನಿನ್ನ ಉಡದಾರಕ್ಕೆ ಒಂದು ಬೆರಳು ಸಿಕ್ಕಿಸಿಕೊಂಡೇ ಬಂದಿದ್ದನೋ ಎಂದು. ಮುಳುಗಿಸಲಿಲ್ಲ ಅಪ್ಪ, ಕಾಪಾಡಿದ. ಆದರೂ ಗುರಣ್ಣ ಎಂಟು ದಿನ ನೀರಿನ ಕಡೆ ಮುಖ ಹಾಕಲಿಲ್ಲ, ಅಪ್ಪನ ಜೊತೆ ಉಣ್ಣಲಿಲ್ಲ. ಎಲ್ಲರಿಗೂ ಗೊತ್ತಿದ್ದು ತನಗೊಬ್ಬನಿಗೇ ಗೊತ್ತಿರಲಿಲ್ಲ ಎಂಬುದು ಆ ವಯಸ್ಸಿಗೆ ಎಂಥ ಉರಿ ಎಂದು ತಿಳಿದವನೇ ಅವನು. ತಿಳಿದೂ ಮಾಡಿದ.

ನೀರು ಬಂಡೆಯ ಒಂದು ಬದಿಯನ್ನು ನೆಕ್ಕಿತು. ಹಕ್ಕಿ ಒಂದು ಹೆಜ್ಜೆ ಮೇಲಕ್ಕೆ ಹೋಯಿತು. ಮೌನಿಕಾ ಎದ್ದು ನಿಂತಳು. ಗುರಣ್ಣನೂ ಎದ್ದ, ಮೊಣಕಾಲು ಲಟಕ್ಕೆಂದಿತು. ಹರಗೋಲುಗಳನ್ನು ಮೇಲಕ್ಕೆ ಎಳೆದು ಹಗ್ಗ ಬಿಗಿಯುತ್ತಿದ್ದ ಮಕ್ತುಮಸಾಬನ ಹತ್ತಿರ ಹೋದ. ಇಬ್ಬರೂ ಒಂದೇ ವಾರಿಗೆಯವರು, ನಲವತ್ತು ವರ್ಷ ಒಂದೇ ಹರಗೋಲಿನಲ್ಲಿ ಬಲೆ ಬಿಟ್ಟವರು. ನಂದು ಒಂದು ಸಲ ನೀರಿಗಿಳಿಸು, ನೀ ಹಗ್ಗ ಹಿಡಿ ಎಂದ ಗುರಣ್ಣ. ಮಕ್ತುಮಸಾಬ ನೀರನ್ನು ನೋಡಿದ, ಬಂಡೆಯನ್ನು ನೋಡಿದ. ಅಲ್ಲಿಗೆ ಇಪ್ಪತ್ತು ಮಾರು ದೂರ, ಹಗ್ಗ ಸಾಲುತ್ತದೆ, ಇನ್ನು ಅರ್ಧ ತಾಸು ಹೋದರೆ ಯಾರೂ ಇಳಿಯುವ ಹಾಗಿಲ್ಲ. ಹಕ್ಕಿ ಸಲುವಾಗಿ ಯಾಕೆ ಎಂದು ಅವನು ಕೇಳುತ್ತಾನೆ ಎಂದು ಗುರಣ್ಣ ಕಾದ. ಅವನು ಕೇಳಲಿಲ್ಲ. ತಗ್ಗಿದ ದನಿಯಲ್ಲಿ,

“ನನಗ ಗೊತ್ತದ ಗುರಣ್ಣ. ದಂಡಿ ಮ್ಯಾಲಿನವರಿಗೆಲ್ಲ ಗೊತ್ತದ. ರೆಕ್ಕಿ ಬಿಚ್ಚಿದಾಗ ಕಾಣಂಗಿಲ್ಲೇನು?” ಎಂದ. “ಆ ಕೂಸಿಗೊಂದ ಗೊತ್ತಿಲ್ಲ.”

ಗುರಣ್ಣ ನೆಲ ನೋಡಿದ. ದೀಪಾವಳಿಯಿಂದ ತಾನು ಮುಚ್ಚಿಟ್ಟಿದ್ದೇನೆ ಎಂದುಕೊಂಡದ್ದನ್ನು ಇವರೆಲ್ಲ ನೋಡುತ್ತ, ಅವಳು ಹಕ್ಕಿಯ ಹೊಗಳಿಕೆ ಹೇಳುವಾಗ ಕೇಳುತ್ತ, ಅವನ ಮುಖ ಉಳಿಸಲಿಕ್ಕೆ ಸುಮ್ಮನಿದ್ದರು. ಅವರು ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಹರಗೋಲು ನೀರಿಗಿಳಿಯಿತು. ಮೌನಿಕಾ ದಂಡೆಯಿಂದ, ಸುಮ್ಮನ ಯಾಕ ಹೊಂಟಿ ಮುತ್ಯಾ, ನಾ ಕರದ್ರ ಬರ್ತದ ಎಂದಳು. ಅವನು ಹುಟ್ಟು ಹಾಕಿದ. ಸೆಳವು ಹರಗೋಲನ್ನು ಒಂದು ಸುತ್ತು ತಿರುಗಿಸಿತು, ಹಗ್ಗ ಬಿಗಿಯಿತು, ಮಕ್ತುಮಸಾಬ ಅಳೆದು ಅಳೆದು ಹಗ್ಗ ಬಿಡುತ್ತಿದ್ದ. ಬಂಡೆ ಹತ್ತಿರವಾಯಿತು.

ಹಕ್ಕಿ ಅವನನ್ನು ನೋಡಿತು. ಹರಗೋಲಿನ ಅಂಚನ್ನು ಬಂಡೆಯ ಬಿರುಕಿಗೆ ಒತ್ತಿ ಹಿಡಿದು ಗುರಣ್ಣ ಕೈ ಚಾಚಿದ. ಅದು ಹಿಂದೆ ಸರಿಯಿತು. ಇನ್ನಷ್ಟು ಚಾಚಿದ. ಅದು ಇನ್ನೊಂದು ಹೆಜ್ಜೆ ಹಿಂದೆ ಇಟ್ಟಿತು, ಹಿಂದೆ ಇನ್ನು ಗೇಣು ಜಾಗ ಮಾತ್ರ, ಆಚೆ ನೀರು. ಅದರ ಹಳದಿ ಕಣ್ಣು ಅವನ ಮುಖವನ್ನು ನೋಡುತ್ತಿರಲಿಲ್ಲ, ಹೆಗಲ ಮೇಲಿನ ಟವೆಲ್ಲನ್ನು ನೋಡುತ್ತಿತ್ತು. ಮೂರು ಸಲವೂ ಹಿಂದಿನಿಂದ ಹೋಗಿದ್ದ. ಅದಕ್ಕೆ ಗೊತ್ತಿಲ್ಲ ಎಂದುಕೊಂಡಿದ್ದ. ಅಂಗಳದಲ್ಲಿ ಅವನು ನಡೆದಾಡುವಾಗ ಅದು ಯಾವಾಗಲೂ ಗೋಡೆಯ ಕಡೆ ಆಗುತ್ತಿದ್ದುದು, ಅವನ ಕೈಯಿಂದ ಮೀನು ಮುಟ್ಟದೆ ಮೌನಿಕಾಳ ಕೈಯಿಂದಲೇ ತಿನ್ನುತ್ತಿದ್ದುದು, ಎಲ್ಲ ಈಗ ಒಂದೊಂದಾಗಿ ಅರ್ಥವಾಗತೊಡಗಿತು. ಅವನು ಟವೆಲ್ಲನ್ನು ತೆಗೆದು ಕಾಲ ಕೆಳಗೆ ಹಾಕಿ ಮೆಟ್ಟಿದ. ಹಕ್ಕಿ ನಂಬಲಿಲ್ಲ.

ಆಗ ದಂಡೆಯಿಂದ ಮೌನಿಕಾ ಕರೆಯತೊಡಗಿದಳು. ಹುಣಸೆಮರದ ಕೆಳಗೆ ಕೂತ ದಿನ ಕರೆಯದವಳು ಇವತ್ತು ಎರಡೂ ಕೈ ಎತ್ತಿ ಕರೆದಳು. ಬಾ ಸುಣ್ಣವ್ವ, ಹಾರಿ ಬಾ, ನಾ ಇಲ್ಲೇ ಅದೀನಿ. ಹಕ್ಕಿ ಕತ್ತು ಎತ್ತಿತು. ಅವಳ ದನಿಯ ಕಡೆಗೆ ತಿರುಗಿತು. ಬಂಡೆಯ ತುದಿಗೆ ಬಂದು ಬೆರಳುಗಳಿಂದ ಕಲ್ಲನ್ನು ಅವುಚಿ, ಮೈ ಮುಂದೆ ಮಾಡಿ, ಎರಡೂ ರೆಕ್ಕೆ ಬಿಚ್ಚಿತು. ಬಲಗಡೆಯದು ಬೀಸಣಿಕೆಯ ಹಾಗೆ ತುಂಬಿ ನಿಂತಿತು. ಎಡಗಡೆಯದರಲ್ಲಿ, ಹೊರಗಿನ ಎರಡು ಗರಿಗಳ ಈಚೆ, ಮುರಿದ ಹಲ್ಲಿನ ಸಾಲಿನಂಥ ಮೊಂಡು ತುದಿಗಳು, ಅವುಗಳ ನಡುವಿನಿಂದ ಕೆಂಪು ನೀರು ಕಾಣುತ್ತಿತ್ತು. ಅದು ಹಾರಲಿತ್ತು. ಅವಳು ಕರೆದಿದ್ದಳು, ಅದಕ್ಕೆ. ಕರೆ ಇನ್ನೊಂದು ಸಲ ಬಂದರೆ ಅದು ನೀರಿಗೆ ಬೀಳುತ್ತದೆ, ಬಿದ್ದದ್ದನ್ನು ಹಿಡಿಯಲು ಈ ನೀರಿನಲ್ಲಿ ಯಾವ ಕೈಯೂ ಇಲ್ಲ. ಗುರಣ್ಣ ಹರಗೋಲಿನಲ್ಲಿ ಅರ್ಧ ಎದ್ದು ನಿಂತ. ದಂಡೆಯ ಮೇಲೆ ಹಜರಾಬೀ, ಮಕ್ತುಮಸಾಬ, ಇನ್ನೂ ನಾಲ್ಕು ಮಂದಿ ಇದ್ದರು. ಎಲ್ಲರ ಎದುರಿಗೆ, ನೀರಿನ ಸದ್ದಿಗಿಂತ ಮೇಲೆ ಕೇಳುವ ಹಾಗೆ ಅವನು ಕೂಗಬೇಕಾಯಿತು.

“ಮೌನೀ, ಕರಿಬ್ಯಾಡ. ಅದು ಹಾರಂಗಿಲ್ಲ. ನಾ ಅದರ ಗರಿ ಕತ್ತರಿಸೀನಿ.”

ಅವಳ ಕೈಗಳು ಎತ್ತಿದ್ದಲ್ಲೇ ನಿಂತವು. ಕೇಳಿಸಲಿಲ್ಲವೇನೋ ಎಂದು ಅವನು ಇನ್ನೊಂದು ಸಲ ಹೇಳಿದ, ಈ ಸಲ ದನಿ ಒಡೆದು ಪಿಸುಮಾತಿನಷ್ಟೇ ಬಂತು. ಆದರೆ ಮೊದಲನೆಯದೇ ಕೇಳಿತ್ತು. ಅವಳು ಕೈ ಕೆಳಗಿಳಿಸಿ ಬಾಯಿಯನ್ನು ಎರಡೂ ಅಂಗೈಯಿಂದ ಮುಚ್ಚಿಕೊಂಡಳು, ತನ್ನ ದನಿ ತಪ್ಪಿ ಹೊರಗೆ ಬಂದೀತೆಂದು. ಹಕ್ಕಿ ಕಾಯಿತು. ಕರೆ ಬರಲಿಲ್ಲ. ಅದು ರೆಕ್ಕೆಯನ್ನು ನಿಧಾನಕ್ಕೆ ಮಡಿಸಿಕೊಂಡು ಅತ್ತ ಇತ್ತ ನೋಡಿತು.

ಗುರಣ್ಣ ಹರಗೋಲಿನಲ್ಲಿ ಕೆಳಗೆ ಕೂತ. ಬಂಡೆಗೆ ಬೆನ್ನು ಮಾಡಿದ. ಏನು ಮಾಡಬೇಕೆಂದು ತಿಳಿಯದ ಎರಡು ಕೈಗಳನ್ನು ತೊಡೆಯ ಕೆಳಗೆ ಹಾಕಿ ಒತ್ತಿಕೊಂಡ. ಹರಗೋಲು ಬಂಡೆಗೆ ತಿಕ್ಕುತ್ತ ಗರಗರ ಅನ್ನುತ್ತಿತ್ತು. ಸೆಳವು ಅದನ್ನು ಎಳೆದರೆ ಹಗ್ಗ ತಡೆಯುತ್ತಿತ್ತು. ತಳದಲ್ಲಿ ಕಾಲಿಗೆ ನೀರು ಬಂತು. ಹಿಂದೆ ತಿರುಗಿ ನೋಡಬೇಕೆಂಬ ಆಸೆ ಕತ್ತಿನಲ್ಲಿ ನರದ ಹಾಗೆ ಮಿಡಿಯಿತು. ನೋಡಲಿಲ್ಲ. ಐವತ್ತು ವರ್ಷದಲ್ಲಿ ಅವನು ಮೀನಿಗಾಗಿ ಕಾದದ್ದಿದೆ, ಮಳೆಗಾಗಿ ಕಾದದ್ದಿದೆ, ಆದರೆ ತಾನು ಬೇಡವಾದ ಒಂದು ಜೀವ ತನ್ನ ಹತ್ತಿರ ಬರಲಿ ಎಂದು ಕಾದದ್ದಿಲ್ಲ. ಬರದಿದ್ದರೆ? ಬರದಿದ್ದರೆ ಹಗ್ಗ ಎಳೆಯುತ್ತಾರೆ, ಇವನು ದಂಡೆಗೆ ಹೋಗಬೇಕು, ಬರಿಗೈಯಲ್ಲಿ ಆ ಮುಖದ ಮುಂದೆ ನಿಲ್ಲಬೇಕು. ಹರಗೋಲಿನ ಆಚೆ ಅಂಚಿನಲ್ಲಿ ಏನೋ ಹಗುರಾಗಿ ತಟ್ಟಿದ ಹಾಗಾಯಿತು. ತಂಬಿಗೆ ಇಟ್ಟಷ್ಟು ಭಾರವೂ ಇರಲಿಲ್ಲ. ದಂಡೆಯಲ್ಲಿ ಮೌನಿಕಾಳ ಮುಖ ಬದಲಾದದ್ದನ್ನು ನೋಡಿ ಅವನಿಗೆ ತಿಳಿಯಿತು. ಅವನು ಹುಟ್ಟು ಮುಟ್ಟಲಿಲ್ಲ, ಕೈ ತೆಗೆಯಲೂ ಇಲ್ಲ. ಮಕ್ತುಮಸಾಬನೂ ಇನ್ನಿಬ್ಬರೂ ಹಗ್ಗ ಎಳೆದರು. ಇಡೀ ದಾರಿ ಗುರಣ್ಣ ಕೂಸಿನ ಹಾಗೆ ಕೂತೇ ಬಂದ.

ಅವಳು ಹಕ್ಕಿಯನ್ನು ಎತ್ತಿಕೊಂಡಳು. ಎದೆಗೆ ಒತ್ತಿ, ಎಡ ರೆಕ್ಕೆಯನ್ನು ಮೆಲ್ಲಗೆ ಬಿಡಿಸಿ, ಮೊಂಡು ತುದಿಗಳ ಮೇಲೆ ಬೆರಳು ಆಡಿಸಿದಳು. ಒಂದು, ಎರಡು ಎಂದು ತುಟಿ ಅಲ್ಲಾಡಿತು.

“ಎಷ್ಟ ಸಲ?”

“ಮೂರು.”

“ಗರಿ ಎಲ್ಲಿ ಅವ?”

ಇದನ್ನು ಅವನು ನಿರೀಕ್ಷಿಸಿರಲಿಲ್ಲ. ಉದುರಿದ ಒಂದೊಂದು ಪುಕ್ಕವನ್ನೂ ಅವಳು ಪುಸ್ತಕದ ನಡುವೆ ಇಟ್ಟುಕೊಳ್ಳುವವಳು. ರೆಕ್ಕೆಯಲ್ಲಿ ಸಂದು ಕಂಡು, ಉದುರಿದ ದೊಡ್ಡ ಗರಿ ಯಾಕೆ ಒಂದೂ ಸಿಗುವುದಿಲ್ಲ ಎಂದು ಕೇಳಿದಾಗ ಹೊಳೆಯಲ್ಲಿ ಬಿದ್ದಿರಬೇಕು ಎಂದಿದ್ದ. ಅವಳು ದಂಡೆಯ ಉದ್ದಕ್ಕೂ ಹುಡುಕಿದ್ದಳು.

“ಒಲಿಯಾಗ ಹಾಕೀನಿ,” ಎಂದ.

ಅವಳು ಅಳಲಿಲ್ಲ. ಮತ್ತೆ ಯಾವಾಗ ಬರುತ್ತವೆ ಎಂದು ಕೇಳಿದಳು. ಮೊಂಡು ಉದುರಿ ಹೊಸವು ಬರಬೇಕು, ಮೂರ್ನಾಲ್ಕು ತಿಂಗಳು ಎಂದ. ಅವಳು ತಲೆಯಾಡಿಸಿ, ಹಜರಾಬೀಯ ಕಡೆಗೆ ತಿರುಗಿದಳು.

“ಆಯಿ, ಅಲ್ಲಿತನ ಇದನ್ನ ನಿಮ್ಮ ಮನ್ಯಾಗ ಇಡ್ತೀನಿ. ನಮ್ಮ ಮನಿ ಬ್ಯಾಡ.”

ಹಜರಾಬೀ ಗುರಣ್ಣನ ಮುಖ ನೋಡಿದಳು. ಹುಡುಗಿ ಹಕ್ಕಿಯನ್ನು ಲಂಗದ ಮಡಿಲಲ್ಲಿಟ್ಟುಕೊಂಡು ದಂಡೆ ಹತ್ತಿ ಹೋದಳು. ಒದ್ದೆ ಧೋತರದಲ್ಲಿ ಅವನು ಅಲ್ಲೇ ನಿಂತ. ಯಾರೋ ಬೀಡಿ ಕೊಟ್ಟರು. ಸೇದಲಿಲ್ಲ, ಬೆರಳಲ್ಲಿ ಹಿಡಿದುಕೊಂಡೇ ಇದ್ದ.

ಆ ಸಂಜೆ ಅವಳು ಉಣ್ಣಲು ಮನೆಗೆ ಬಂದಳು, ಆದರೆ ಯಾವಾಗಲೂ ಕೂತಲ್ಲಿ ಕೂಡಲಿಲ್ಲ, ತಾಯಿಯ ಆ ಬದಿಗೆ ಕೂತಳು. ಮಲ್ಲೇಶ್ವರಿ ರೊಟ್ಟಿ ಹಾಕುತ್ತ, ಮಾವ, ನನಗರ ಒಂದು ಮಾತು ಹೇಳಬೇಕಿತ್ತಲ್ರಿ ಎಂದಳು, ಅಷ್ಟೇ. ಗುರಣ್ಣ ರೊಟ್ಟಿ ಮುರಿದು ಮುರಿದು ತಟ್ಟೆಯಲ್ಲೇ ಬಿಟ್ಟ. ಕೈ ತೊಳೆಯಲು ಎದ್ದಾಗ ಮೌನಿಕಾ ಅವನ ಕಡೆ ನೋಡದೆ, ಗೋಡೆಗೆ ಹೇಳುವ ಹಾಗೆ ಹೇಳಿದಳು:

“ಮೀನ ಮಾತ್ರ ನೀನ ಹಿಡಕೊಂಡು ಬರಬೇಕು. ಗರಿ ಬರೂತನ.”

ಮರುದಿನ ನದಿಯಲ್ಲಿ ಇಳಿಯುವ ಹಾಗಿರಲಿಲ್ಲ, ದಂಡೆಯ ಜಾಲಿ ಮುಳುಗಿತ್ತು. ಅವನು ಸೊಂಟಕ್ಕೆ ಚಿಕ್ಕ ಬುಟ್ಟಿ ಕಟ್ಟಿಕೊಂಡು ಗದ್ದೆಯ ಕಾಲುವೆಗಳಿಗೆ ಹೋದ. ಒಡ್ಡಿನ ಕೆಳಗೆ ನಿಂತ ನೀರಿನಲ್ಲಿ, ಸಣ್ಣ ಹುಡುಗರು ಹಿಡಿಯುವ ಹಾಗೆ, ಬಗ್ಗಿ ಅಂಗೈ ಬೊಗಸೆ ಮಾಡಿ ಬೆರಳುದ್ದದ ಮೀನುಗಳನ್ನು ಹಿಡಿದ. ದೊಡ್ಡ ಬಲೆ ಬೀಸಿದ ಕೈಗೆ ಅವು ಸಿಕ್ಕುತ್ತಿರಲಿಲ್ಲ, ಸಂದಿಯಲ್ಲಿ ಜಾರಿ ಹೋಗುತ್ತಿದ್ದವು. ಗದ್ದೆಗೆ ಹೋಗುವವರು ನಿಂತು ನೋಡಿದರು. ಗುರಣ್ಣ, ಇದೇನು ಹುಡುಗಾಟ ಎಂದು ಒಬ್ಬ ಕೇಳಿದ. ಹಕ್ಕಿಗೆ ಎಂದ. ಯಾವ ಹಕ್ಕಿಗೆ, ಯಾಕೆ ಎಂದು ಆ ಮನುಷ್ಯನಿಗೆ ಗೊತ್ತಿತ್ತು. ನಿನ್ನೆಯ ಮಾತು ಊರಿನಲ್ಲಿ ಯಾರಿಗೆ ಗೊತ್ತಾಗದೆ ಉಳಿದಿತ್ತು. ಅವನು ನಗುತ್ತಾನೆ ಎಂದುಕೊಂಡರೆ, ಮುಂದಿನ ಒಡ್ಡಿನಾಗ ಭಾಳ ಅವ ನೋಡು ಎಂದು ಹೇಳಿ ಹೋದ.

ಹಜರಾಬೀಯ ಬಾಗಿಲಲ್ಲಿ ನಿಂತು ಕರೆದ. ಒಳಗ ಬಾ ಗುರಣ್ಣ, ಹೊರಗ್ಯಾಕ ನಿಂತಿ ಎಂದಳು ಅವಳು. ಇಲ್ಲೇ ಇರ್ತೀನಿ ಎಂದ. ಹೊಸ್ತಿಲಾಚೆ ಅಂಗಳದ ಮೂಲೆಯಲ್ಲಿ ಬಿಳಿಯದು ಕಂಡಿತು. ಅವನು ಒಂದು ಹೆಜ್ಜೆ ಹಿಂದೆ ಸರಿದು, ಅದಕ್ಕೆ ತಾನು ಕಾಣದ ಹಾಗೆ ಗೋಡೆಯ ಮರೆಯಲ್ಲಿ ನಿಂತ. ಮೌನಿಕಾ ಬಂದು ಬುಟ್ಟಿ ಇಸಿದುಕೊಂಡು ಒಳಗೆ ನೋಡಿದಳು. ಮೀನುಗಳು ಇನ್ನೂ ಮಿಸುಕಾಡುತ್ತಿದ್ದವು. ಹೋಗುತ್ತಾಳೆ ಎಂದುಕೊಂಡ. ಹೋಗಲಿಲ್ಲ. ಅವನ ಕೆಸರುಕಾಲು ನೋಡುತ್ತ ನಿಂತಳು.

“ನಿನ್ನ ಸುದ್ದಿ ಹೇಳೀನಿ ಅದಕ್ಕ,” ಎಂದಳು. “ಇನ್ನ ಮುತ್ಯಾ ಕತ್ತರಿಸಂಗಿಲ್ಲ ಅಂತ.”

“ಏನಂತದ?”

ಅವಳು ಒಳಗೆ ಒಂದು ಸಲ ತಿರುಗಿ ನೋಡಿ ಬಂದು, ಇದ್ದದ್ದನ್ನು ಇದ್ದ ಹಾಗೆ ಹೇಳುವವಳ ಹಾಗೆ ಹೇಳಿದಳು.

“ಇನ್ನಾ ನಂಬಿಲ್ಲ.”

“ಇಷ್ಟ ಲಗೂ ನಂಬ್ಯಾಡ ಅಂತ ಹೇಳು,” ಎಂದ ಗುರಣ್ಣ.

ಅವಳು ಅದನ್ನೂ ಹೇಳಲು ಒಳಗೆ ಹೋದಳು. ಅವನು ಗೋಡೆಯ ಮರೆಯಲ್ಲಿ, ಖಾಲಿ ಬುಟ್ಟಿ ವಾಪಸು ಬರುವ ತನಕ ಕಾಯುತ್ತ ನಿಂತ.